ಎಪ್ಪತ್ತಮೂರನೆಯ ಪ್ರಶ್ನೆ

ಜೂನ್ 9, ಸೋಮವಾರ

ಒಂದು ಅಂಕ. ಒಂದೇ ಒಂದು ಅಂಕ.

ನಿಲಯಪಾಲಕಿಯರ ತಾತ್ಕಾಲಿಕ ಆಯ್ಕೆ ಪಟ್ಟಿ ಬೆಳಿಗ್ಗೆ ಬಂತು. ನಮ್ಮ ಜಿಲ್ಲೆಗೆ ಒಂಬತ್ತು ಹುದ್ದೆ. ಒಂಬತ್ತನೆಯ ಹೆಸರು ಯಾರೋ ಚೈತ್ರಾ ಡಿ., ಜಗಳೂರು ತಾಲ್ಲೂಕು. ಅದರ ಕೆಳಗೆ ಒಂದು ಗೆರೆ. ಗೆರೆಯ ಕೆಳಗೆ ನಾನು.

ಹನ್ನೊಂದು ವರ್ಷದಿಂದ ಚನ್ನಗಿರಿಯ ಈ ಹೆಣ್ಣುಮಕ್ಕಳ ಹಾಸ್ಟೆಲನ್ನು ನಡೆಸುತ್ತಿರುವವಳು ನಾನು. ಅಕ್ಕಿ ಅಳೆದು ಕೊಡುವವಳು, ಜ್ವರ ಬಂದ ಹುಡುಗಿಯನ್ನು ಆಸ್ಪತ್ರೆಗೆ ಕರೆದೊಯ್ಯುವವಳು, ಯಾರದೋ ಅಪ್ಪ ಕುಡಿದು ಬಂದು ಗೇಟು ಬಡಿದರೆ ಎದುರಿಗೆ ನಿಲ್ಲುವವಳು. ಕಾಗದದಲ್ಲಿ ಮಾತ್ರ ನಾನು ಹೊರಗುತ್ತಿಗೆಯ ಸಹಾಯಕಿ. ನಿಲಯಪಾಲಕಿಯ ಹುದ್ದೆ ‘ಖಾಲಿ ಇದೆ’ ಎಂದೇ ಹನ್ನೊಂದು ವರ್ಷದಿಂದ ಬರೆಯುತ್ತಿದ್ದಾರೆ. ಕೆಲಸ ಮಾಡುವ ನಾನು ಕಾಗದದಲ್ಲಿಲ್ಲ, ಯಾರೂ ಇಲ್ಲದ ಹುದ್ದೆ ಇದೆ! ನನಗೆ ಮೂವತ್ತೆಂಟು. ವಯೋಮಿತಿಯ ಪ್ರಕಾರ ಇದೇ ಕೊನೆಯ ಪರೀಕ್ಷೆ.

ಅಣ್ಣ ಪ್ರಸನ್ನಕುಮಾರ್ ಅಡಿಕೆ ಮಂಡಿಯಿಂದ ಊಟಕ್ಕೆ ಬಂದವನು ನನ್ನ ಮುಖ ನೋಡಿ, "ಒಂದು ಮಾರ್ಕಿಗೆ ಹಿಂಗ್ಯಾಕೆ ಆಡ್ತೀಯೇ ಶಾಂತಲಾ? ಹೋತು ಬಿಡು" ಅಂದ. ತಟ್ಟೆ ಅಲ್ಲೇ ಬಿಟ್ಟು ಎದ್ದು ಬಂದೆ. ಹೋತಂತೆ. ಅವನದ್ದು ಹೋಗಿದ್ದರೆ ತಿಳಿಯುತ್ತಿತ್ತು.

ಜೂನ್ 10, ಮಂಗಳವಾರ

ನೇಮಕಾತಿ ಮಂಡಳಿಯ ಕೀ ಉತ್ತರಗಳನ್ನು ಹಿಡಿದು ಕೂತೆ. ನನ್ನ ತಪ್ಪು ಇಪ್ಪತ್ತೊಂದು. ಇಪ್ಪತ್ತು ನಿಜವಾಗಿ ತಪ್ಪು, ಒಪ್ಪಿದೆ. ಇಪ್ಪತ್ತೊಂದನೆಯದು 73ನೆಯ ಪ್ರಶ್ನೆ:

‘ತಿಳಿದಿದೆ ಎಂದರೆ ಏನು? ತಿಳಿದದ್ದು ನಿಜವೆಂದು ಹೇಗೆ ಗೊತ್ತು? ಎಂದು ವಿಚಾರಿಸುವ ತತ್ತ್ವಶಾಸ್ತ್ರದ ಶಾಖೆ ಯಾವುದು? ಎ) ನೀತಿಶಾಸ್ತ್ರ ಬಿ) ತತ್ತ್ವಮೀಮಾಂಸೆ ಸಿ) ಪ್ರಮಾಣಶಾಸ್ತ್ರ ಡಿ) ಸೌಂದರ್ಯಶಾಸ್ತ್ರ.’

ನಾನು ಹಾಕಿದ್ದು ಸಿ. ಅವರ ಕೀ ಬಿ. ಕಾಲೇಜಿನ ಗ್ರಂಥಾಲಯಕ್ಕೆ ಓಡಿಹೋಗಿ ಪಾರಿಭಾಷಿಕ ಪದಕೋಶ ತೆಗೆಸಿದೆ. ಸಿ ಅಂತಲೇ ಇದೆ! ತಪ್ಪು ನನ್ನದಲ್ಲ, ಅವರದ್ದು. ಆಕ್ಷೇಪಣೆಗೆ ಹದಿನೈದು ದಿನ ಕೊಟ್ಟಿದ್ದಾರೆ, ‘ತಜ್ಞರ ಆಧಾರದೊಂದಿಗೆ’ ಅಂತೆ. ಅನ್ನ ಸಾರು ನೋಡಿಕೊಳ್ಳುವ ಕೆಲಸಕ್ಕೆ ಈ ತತ್ತ್ವಶಾಸ್ತ್ರ ಯಾರಿಗೆ ಬೇಕಿತ್ತು? ಕೇಳುವುದೇ ಆದರೆ ಉತ್ತರವಾದರೂ ಸರಿಯಾಗಿ ಇಟ್ಟುಕೊಳ್ಳಬಾರದೇ?

ಸಂಜೆ ಹುಡುಗಿಯರು ಮಹಡಿ ಮೇಲೆ ಕೂದಲು ಒಣಗಿಸಿಕೊಳ್ಳುತ್ತೇವೆ ಎಂದು ಬಂದರು. ಐದರ ಮೇಲೆ ಮಹಡಿ ಇಲ್ಲ ಅಂದೆ. "ಯಾಕೆ ಮೇಡಂ?" ಎಂದಳು ಒಬ್ಬಳು. ನಿಯಮ ಅಂದರೆ ನಿಯಮ ಎಂದು ಗದರಿಸಿ ಕಳಿಸಿದೆ. ಎದುರು ಮಾತಾಡುವುದು ಈಗಿನವರಿಗೆ ಬಹಳವಾಗಿದೆ.

ಜೂನ್ 15, ಭಾನುವಾರ

ಹೊನ್ನಾಳಿಗೆ ಹೋಗಿ ಬಂದೆ. ಕಾಲೇಜಿನಲ್ಲಿ ಮೂವತ್ತು ವರ್ಷ ತತ್ತ್ವಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಹಾಲಸ್ವಾಮಿ ಅನ್ನುವವರು ಅಲ್ಲಿದ್ದಾರೆಂದು ಗ್ರಂಥಪಾಲಕರು ಹೇಳಿದ್ದರು. ಮನೆಯಲ್ಲಿರಲಿಲ್ಲ. ಹೊಳೆ ದಂಡೆಯ ಗದ್ದೆಯಲ್ಲಿ ಮೊಣಕಾಲವರೆಗೆ ಕೆಸರು ಮಾಡಿಕೊಂಡು ಬದುವಿನ ಬಿಲ ಮುಚ್ಚುತ್ತಿದ್ದರು. ನನ್ನ ಕಾಗದ ನೋಡಿ, ಕೈ ತೊಳೆಯದೆಯೇ, "ಸಿ. ಅದರಾಗೆ ಎರಡನೇ ಮಾತಿಲ್ಲ" ಅಂದರು. ನನಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು.

"ಹಂಗಾದ್ರೆ ಬರೆದು ಕೊಡ್ರಿ ಸರ್."

"ಬರೀತೀನಿ. ನಿನಗೆ ಹೆಂಗೆ ಗೊತ್ತಾತು ಸಿ ಅಂತ?"

"ಪದಕೋಶದಾಗೆ ನೋಡಿದೆ."

"ಅದು ಆಮೇಲೆ. ಪರೀಕ್ಷೆ ಬರೆಯುವಾಗ?"

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ. ಬಹಳ ಹೊತ್ತಿನಿಂದ ಸಿ ಹಾಕಿರಲಿಲ್ಲ, ಅದಕ್ಕೇ ಹಾಕಿದೆ ಅಂದೆ.

ಅವರು ಜೋರಾಗಿ ನಕ್ಕರು. "ನಿನಗೆ ಗೊತ್ತಿರಲಿಲ್ಲ. ಉತ್ತರ ನಿಜ, ಆದರೆ ನಿನ್ನ ಹತ್ರ ಕಾರಣ ಇರಲಿಲ್ಲ. ಕಾರಣ ಇಲ್ಲದ ನಿಜಕ್ಕೆ ತಿಳಿವಳಿಕೆ ಅನ್ನಾಕೆ ಬರಲ್ಲಮ್ಮ. ಆ ಪ್ರಶ್ನೆ ಕೇಳಿರೋದೇ ಅದನ್ನ!"

ಸಿಟ್ಟು ಬಂತು. ಲಾಟರಿಯಂತೆ ಹಾಕಿ ಪಾಸಾದವರು ಎಷ್ಟು ಜನ ಇಲ್ಲ? ನನ್ನೊಬ್ಬಳನ್ನೇ ಯಾಕೆ ಕೇಳಬೇಕು? ಹಾಗೆಯೇ ಅಂದೂ ಬಿಟ್ಟೆ.

"ಒಬ್ಬಳನ್ನೇ ಕೇಳೋದು ನ್ಯಾಯವೋ ಅನ್ಯಾಯವೋ ಅಂದಿಯಲ್ಲ, ಅದು ನೀತಿಶಾಸ್ತ್ರ" ಎಂದು ಬದುವಿನ ಮೇಲೆ ಕೂತರು. ಹನ್ನೊಂದು ವರ್ಷದ ಕತೆಯನ್ನೆಲ್ಲ ಹೇಳಿದೆ. "ಖಾಲಿ ಹುದ್ದೆ ಐತೆ ಅಂತಾರಲ್ಲ, ಅದನ್ನ ಮುಟ್ಟಿ ನೋಡಿದೀಯಾ? ಎಲ್ಲೈತೆ ಅದು? ಫೈಲಿನಾಗಾ? ಸಾಹೇಬರ ತಲೆಯಾಗಾ? ಇರೋದು ಅಂದ್ರೆ ಏನು ಅಂತ ಕೇಳ್ತಾ ಹೋದ್ರೆ ತತ್ತ್ವಮೀಮಾಂಸೆ. ಕೀ ಉತ್ತರದವರು ಎರಡನ್ನೂ ಕಲಸಿ ಇಟ್ಟಾರೆ." ಮಂಡಳಿ ಹೇಳಿತು, ಆದ್ದರಿಂದ ಸರಿ ಅನ್ನುವ ಮಾತಿನಲ್ಲಿ ‘ಆದ್ದರಿಂದ’ ನಿಲ್ಲುತ್ತದೋ ಇಲ್ಲವೋ ಎಂದು ತಟ್ಟಿ ನೋಡುವುದು ತರ್ಕವಂತೆ. ಡಿ ಯಾಕೆ, ಚೆಂದ ಅನ್ನುವುದಕ್ಕೂ ಒಂದು ಶಾಸ್ತ್ರ ಬೇಕಿತ್ತೇ, ಹೊಟ್ಟೆ ತುಂಬಿದವರ ಕೆಲಸ ಅಂದೆ. ಅವರು ಒಮ್ಮೆ ಹೊಳೆ ಕಡೆ ನೋಡಿ, ಕೈ ತೊಳೆಯಲು ಎದ್ದರು.

ಕಾಗದ ಬರೆದುಕೊಟ್ಟರು. ಮೂರೇ ಸಾಲು. ಉತ್ತರ ಸಿ ಎಂದಿದೆ. ನನ್ನ ಬಗ್ಗೆ ಒಂದು ಅಕ್ಷರವೂ ಇಲ್ಲ. ಜುಗ್ಗ ಮುದುಕ.

ಜೂನ್ 19, ಗುರುವಾರ

ನಮ್ಮ ಹಾಸ್ಟೆಲಿನ ಹುಡುಗಿಯೊಬ್ಬಳ ಹತ್ತಿರ ಇದ್ದ ಗೈಡಿನಲ್ಲಿ ಅದೇ ಪ್ರಶ್ನೆ, ಅಕ್ಷರ ಅಕ್ಷರ ಅದೇ, ಉತ್ತರ ಬಿ! ಬರೆದವರು ನ್ಯಾಮತಿಯ ಗಾದ್ರಪ್ಪ. ಮಂಡಳಿಯವರು ಪ್ರಶ್ನೆಯನ್ನೂ ಉತ್ತರವನ್ನೂ ಇಲ್ಲಿಂದಲೇ ಎತ್ತಿದ್ದಾರೆ. ಭಾನುವಾರ ನ್ಯಾಮತಿಗೆ ಹೋಗುತ್ತೇನೆ. ಬಿಡುವುದಿಲ್ಲ.

ಜೂನ್ 22, ಭಾನುವಾರ

ಗಾದ್ರಪ್ಪ ಮನೆಯ ಮುಂದಿನ ಶೆಡ್ಡಿನಲ್ಲೇ ತರಬೇತಿ ಕೇಂದ್ರ ನಡೆಸುತ್ತಾರೆ. ಗೇಟಿಗೆ ದೊಡ್ಡ ಫ್ಲೆಕ್ಸ್: ‘ನಮ್ಮ ಗೈಡ್ ಓದಿ ಆಯ್ಕೆಯಾದವರು’. ಅದರಲ್ಲಿ ಮೂರನೆಯ ಫೋಟೋ ‘ಚೈತ್ರಾ, ಜಗಳೂರು’. ತಲೆಗೆ ಪೆಟ್ರೋಲ್ ಬಂಕಿನ ಟೋಪಿ. ತೆಳ್ಳಗಿನ ಹುಡುಗಿ. ಬಹಳ ಹೊತ್ತು ನೋಡಿದೆ. ನನ್ನ ಕುರ್ಚಿಯಲ್ಲಿ ಕೂರುವವಳು ಇವಳೇ ಎಂದುಕೊಂಡೆ.

ಗಾದ್ರಪ್ಪ ಒಳ್ಳೆಯ ಮಾತಿನ ಮನುಷ್ಯ. ಟೀ ತರಿಸಿದರು. ಪ್ರಶ್ನೆ ತೋರಿಸಿದೆ.

"ಹತ್ತು ಎಡಿಷನ್ ಆಗೈತೆ ಮೇಡಂ. ಒಬ್ರೂ ತಪ್ಪು ಅಂದಿಲ್ಲ."

"ಯಾರೂ ಕೇಳದಿದ್ರೆ ಸರಿ ಅಂತ ಆಗ್ತದಾ? ನಿಮಗೆ ಆಧಾರ ಏನು?"

"ಆಧಾರ ಬೇಕಾ?" ಎಂದು ಮೊಬೈಲ್ ತೆಗೆದು ಮಂಡಳಿಯ ಕೀ ತೋರಿಸಿದರು. "ಮಂಡಳೀನೇ ಬಿ ಅಂತೈತೆ. ಇನ್ನೇನು ಬೇಕು?"

"ಮಂಡಳಿಯೋರು ನಿಮ್ಮ ಗೈಡ್ ನೋಡಿ ಬರೆದಿದ್ದು!"

"ಹಂಗಂದ್ರೆ ನನ್ನ ಗೈಡ್ ಎಷ್ಟು ಪಕ್ಕಾ ಐತೆ ನೋಡ್ರಿ."

ಅವರು ನಗುತ್ತಿದ್ದರು. ಇವರನ್ನು ಕೇಳಿದರೆ ಮಂಡಳಿಯನ್ನು ತೋರಿಸುತ್ತಾರೆ, ಮಂಡಳಿಯನ್ನು ಕೇಳಿದರೆ ಇವರನ್ನು ತೋರಿಸುತ್ತದೆ. ಗಾಣದ ಎತ್ತಿಗೂ ಇದಕ್ಕಿಂತ ದೂರ ನಡೆದ ಸಮಾಧಾನ ಇರುತ್ತದೆ. ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಹೊರಡುವಾಗ ಅವರೇ ಹೆಮ್ಮೆಯಿಂದ ಹೇಳಿದರು: "ಆ ಜಗಳೂರು ಹುಡುಗಿ ಬಂಕಿನಾಗೆ ಕೆಲಸ ಮಾಡ್ಕೊಂತ ನನ್ನ ಗೈಡು ಆರುನೂರು ಪುಟ ಬಾಯಿಪಾಠ ಮಾಡಿತ್ತು. ಒಂದು ಪ್ರಶ್ನೇನೂ ಬಿಟ್ಟಿಲ್ಲ ಅದು."

ಬಸ್ಸಿನಲ್ಲಿ ಇದೊಂದು ತಲೆಯಲ್ಲಿ ಸುತ್ತಿತು. ಅವಳ ಹತ್ತಿರ ಕಾರಣ ಇತ್ತು, ಉತ್ತರ ಸುಳ್ಳು. ನನ್ನ ಹತ್ತಿರ ಉತ್ತರ ಇತ್ತು, ಕಾರಣ ಇಲ್ಲ. ಇಬ್ಬರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇದನ್ನು ಆ ಹಾಲಸ್ವಾಮಿಯವರಿಗೆ ಹೇಳಬೇಕು. ಬೇಡ, ಮತ್ತೆ ನಗುತ್ತಾರೆ.

ಜೂನ್ 24, ಮಂಗಳವಾರ

ಕೊನೆಯ ದಿನ. ಆಕ್ಷೇಪಣೆ ಸಲ್ಲಿಸಿದೆ. ಹಾಲಸ್ವಾಮಿಯವರ ಕಾಗದ, ಪದಕೋಶದ ಪುಟ, ಗೈಡಿನ ಪುಟ ಎಲ್ಲ ಸೇರಿಸಿದೆ. ಉತ್ತರ ತಿದ್ದಿದರೆ ನನಗೆ ಒಂದು ಹೆಚ್ಚುತ್ತದೆ, ಬಿ ಹಾಕಿದವರಿಗೆಲ್ಲ ಒಂದು ಕಡಿಮೆಯಾಗುತ್ತದೆ. ಅತ್ತಿಗೆ ಸಂಧ್ಯಾರಾಣಿ, "ಹಂಗಾದ್ರೆ ಆ ಹುಡುಗಿ ಹೊರಗೆ ಬೀಳ್ತಾಳಲ್ಲ?" ಅಂದಳು. ಅದು ನನ್ನ ತಪ್ಪೇ ಎಂದು ರೇಗಿದೆ. ಅವಳು ನನ್ನ ತಪ್ಪು ಅಂದಿರಲಿಲ್ಲ.

ಜೂನ್ 29, ಭಾನುವಾರ

ಜಗಳೂರಿಗೆ ಯಾಕೆ ಹೋದೆನೋ ಗೊತ್ತಿಲ್ಲ. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಹನ್ನೊಂದು ಗಂಟೆಗೆ ಇಳಿದೆ. ಬಂಕು ಹೈವೇ ಪಕ್ಕದಲ್ಲೇ ಇದೆ. ಚೈತ್ರಾ ಒಬ್ಬಳೇ ಎರಡು ಪಂಪು ನೋಡಿಕೊಳ್ಳುತ್ತಿದ್ದಳು. ಫೋಟೋದಲ್ಲಿ ಕಂಡದ್ದಕ್ಕಿಂತ ಎತ್ತರ. ನಾನು ಯಾರೆಂದೂ 73ನೆಯ ಪ್ರಶ್ನೆಯ ವಿಷಯವನ್ನೂ ಹೇಳಿದೆ. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಒಂದು ಟ್ರ್ಯಾಕ್ಟರಿಗೆ ಡೀಸೆಲ್ ಹಾಕಿ ಮುಗಿಸಿ ಬಂದಳು.

"ಸಿ ಸರಿ. ನನಗೆ ಗೊತ್ತೈತೆ" ಅಂದಳು. "ಪಟ್ಟಿ ಬಂದ ವಾರಕ್ಕೆ ನಮ್ಮ ಲೆಕ್ಚರರ್ ಹತ್ರ ಕೇಳಿದೆ. ಆರುನೂರು ಪುಟ ಓದೀನ್ರಿ ನಾನು. ಈ ಕುರ್ಚಿ ಮ್ಯಾಲೆ ಕೂತು, ಗಾಡಿ ಗಾಡಿ ನಡುವೆ. ಅದರಾಗೆ ಇನ್ನೆಷ್ಟು ಸುಳ್ಳು ಐತೋ ಅಂತ ಈಗ ಒಂದೊಂದೇ ನೋಡಾಕೆ ಹತ್ತೀನಿ."

ಅವಳ ಸಿಟ್ಟು ನನ್ನ ಸಿಟ್ಟಿಗಿಂತ ತಣ್ಣಗಿತ್ತು. ಒಂದು ಬೈಕು ಬಂತು, ಹಾಕಿ ಕಳಿಸಿದಳು.

"ನೀವು ಅರ್ಜಿ ಹಾಕಿ ಬಂದೀರೋ, ಹಾಕೋ ಮುಂಚೆ ಬಂದೀರೋ?"

"ಹಾಕಿ ಬಂದೆ."

"ಹಂಗಾದ್ರೆ ಏನು ಕೇಳಾಕೆ ಬಂದ್ರಿ? ಕ್ಷಮೆನಾ? ಪರ್ಮಿಷನ್ನಾ?"

ಹನ್ನೊಂದು ವರ್ಷದ ಕತೆ ಶುರು ಮಾಡಿದೆ. ಎಲ್ಲರಿಗೂ ಹೇಳುವ ಕತೆಯೇ. ಅರ್ಧಕ್ಕೆ ತಡೆದಳು.

"ನಿಮಗೆ ಅನ್ಯಾಯ ಆಗೈತೆ, ಇಲ್ಲ ಅನ್ನಲ್ಲ. ನನಗೂ ಆಗೈತೆ. ಅರ್ಜಿ ಹಾಕಿದ್ದು ಸರಿ, ನಾನಿದ್ರೂ ಹಾಕ್ತಿದ್ದೆ. ಆದ್ರೆ ನನ್ನ ಕೆಲಸ ಹೋಗೋ ಹಂಗೆ ಮಾಡಿ, ನನ್ನ ಮುಂದೇ ಬಂದು, ‘ಇರ್ಲಿ ಅಕ್ಕ, ಪರವಾಗಿಲ್ಲ’ ಅನ್ನಿಸ್ಕೊಂಡು ಹೋಗಾಕೆ ಬರಬ್ಯಾಡ್ರಿ. ಅದನ್ನ ನಾನು ಹೇಳಲ್ಲ."

ಅಷ್ಟು ಹೇಳಿ ಕುಡಿಯಲು ನೀರು ಕೊಟ್ಟಳು. ಕುಡಿದು ಬಂದೆ.

ಎಷ್ಟು ಕೊಬ್ಬು ಅವಳಿಗೆ! ಅಷ್ಟು ದೂರದಿಂದ ಹೋಗಿದ್ದೆ. ಹೋಗು ಎಂದು ಯಾರೂ ಹೇಳಿರಲಿಲ್ಲ, ಅದೂ ನಿಜ.

ಜುಲೈ 2, ಬುಧವಾರ

ಜಗಳೂರಿನಿಂದ ಬರುವಾಗ ಕಿಟಕಿಯಲ್ಲಿ ಕಂಡದ್ದು ಅವತ್ತು ಬರೆಯಲಿಲ್ಲ. ಆಗಷ್ಟೇ ಹರಗಿದ ಕಪ್ಪು ಹೊಲ, ತುದಿ ಕಾಣದಷ್ಟು ಚಪ್ಪಟೆ, ಅದರ ಮೇಲೆ ಒಂದೇ ಒಂದು ಮೋಡದ ನೆರಳು ನಿಧಾನಕ್ಕೆ ಹೋಗುತ್ತಿತ್ತು. ಚೆಂದ ಇತ್ತು. ಅಷ್ಟು ಸಿಟ್ಟಿನಲ್ಲೂ ಚೆಂದ ಕಂಡಿತು. ಯಾಕೆಂದು ಗೊತ್ತಿಲ್ಲ.

ನಿಯಮಾವಳಿಯ ಪುಸ್ತಕ ಹುಡುಕಿ ತೆಗೆದು ಪೂರ್ತಿ ಓದಿದೆ. ಐದರ ಮೇಲೆ ಮಹಡಿಗೆ ಹೋಗಬಾರದು ಎಂದು ಎಲ್ಲೂ ಇಲ್ಲ. ಹನ್ನೊಂದು ವರ್ಷದಿಂದ ಹೇಳುತ್ತಿದ್ದೆ. ನನಗೆ ಯಾರು ಹೇಳಿದ್ದರೋ! ಮಹಡಿ ಬಾಗಿಲಿನ ಬೀಗ ತೆಗೆದೆ.

ಜುಲೈ 17, ಗುರುವಾರ

ಇವತ್ತು ವಿಚಾರಣೆ ಇತ್ತು, ದಾವಣಗೆರೆಯಲ್ಲಿ. ಮೇಜಿನ ಆಚೆ ಮೂವರು. ನಡುವಿನವರು ಅಧ್ಯಕ್ಷರು. ನನ್ನ ಕಾಗದಗಳನ್ನು ತಿರುವಿ ಹಾಕಿ, "ಇದೆಲ್ಲ ಆಮೇಲೆ ಸಂಗ್ರಹಿಸಿದ್ದು. ಪರೀಕ್ಷಾ ಕೊಠಡಿಯಲ್ಲಿ ನೀವು ಯಾವ ಆಧಾರದ ಮೇಲೆ ಸಿ ಗುರುತಿಸಿದಿರಿ?" ಅಂದರು.

ಮನೆಯಲ್ಲಿ ಅಣ್ಣ ಹೇಳಿಕೊಟ್ಟು ಕಳಿಸಿದ್ದ: ಡಿಗ್ರಿಯಲ್ಲಿ ಓದಿದ್ದೆ ಅಂತ ಹೇಳು, ಯಾರು ನೋಡಾಕೆ ಬರ್ತಾರೆ. ಸುಲಭದ ಮಾತು. ನಾನು ಅಂದದ್ದು:

"ಊಹೆ ಸರ್."

ಬಲಗಡೆಯವರು ಪೆನ್ನು ಕೆಳಗಿಟ್ಟು ನಕ್ಕರು. "ಊಹೆ ಮಾಡಿದೋರು ಇಲ್ಲೀವರೆಗೂ ಬರೋದೇನಮ್ಮ?"

ನನಗೆ ಎಲ್ಲಿತ್ತೋ ಆ ಧ್ವನಿ. "ನಾನು ಹೆಂಗೆ ಬರೆದೆ ಅನ್ನೋದು ಬೇರೆ, ಉತ್ತರ ಯಾವುದು ಅನ್ನೋದು ಬೇರೆ ಸರ್. ನನ್ನ ಊಹೆ ಕೆಟ್ಟದ್ದು ಅಂತ ನಿಮ್ಮ ಬಿ ಸರಿ ಆಗಲ್ಲ. ನನಗೆ ಅವತ್ತು ಗೊತ್ತಿರಲಿಲ್ಲ, ಒಪ್ತೀನಿ. ಕೀ ಮಾಡಿದೋರಿಗೆ ಗೊತ್ತಿತ್ತಾ? ಅವರು ಗೈಡ್ ನೋಡಿ ಬರೆದ್ರು. ನನ್ನನ್ನ ಕೇಳಿದ ಹಂಗೇ ಅವರನ್ನೂ ಕೇಳ್ರಿ, ಯಾವ ಆಧಾರದ ಮ್ಯಾಲೆ ಅಂತ."

ಅಧ್ಯಕ್ಷರು ನೀವು ಹೋಗಬಹುದು ಅಂದರು.

ಅಣ್ಣ ಕೇಳಿ ಹಣೆ ಬಡಿದುಕೊಂಡ. ಮೂರು ದಿನ ಮಾತಾಡಲಿಕ್ಕಿಲ್ಲ. ಊಟ ಚೆನ್ನಾಗಿ ಸೇರಿತು.

ಆಗಸ್ಟ್ 12, ಮಂಗಳವಾರ

ಬಂತು. ಒಂದು ಸಾಲು: ‘73ನೆಯ ಪ್ರಶ್ನೆಯು ಗೊಂದಲಕರವಾಗಿರುವುದರಿಂದ ಕೈಬಿಡಲಾಗಿದೆ.’

ಬಿ ಹಾಕಿದವರಿಗೆ ಸಿಕ್ಕಿದ್ದ ಅಂಕ ಹೋಯಿತು. ಚೈತ್ರಾಳದ್ದೂ ನನ್ನದೂ ಸಮ ಸಮ ಆಯಿತು. ಸಮ ಆದರೆ ವಯಸ್ಸಿನಲ್ಲಿ ಹಿರಿಯರಿಗೆ ಎಂದು ನಿಯಮ. ಅವಳಿಗೆ ಇಪ್ಪತ್ತಾರು. ಒಂಬತ್ತನೆಯ ಹೆಸರು ಈಗ ನನ್ನದು. ಗೆರೆಯ ಕೆಳಗೆ ಅವಳು.

ಅತ್ತಿಗೆ ಬಾಯಿಗೆ ಸಕ್ಕರೆ ಹಾಕಿದಳು. ಅಣ್ಣ ಮಂಡಿಯವರಿಗೆಲ್ಲ ಫೋನು ಮಾಡಿದ. ನನಗೆ ಮೈಯೆಲ್ಲ ಉರಿಯುತ್ತಿದೆ. ಗೊಂದಲವಂತೆ! ಪ್ರಶ್ನೆಯಲ್ಲಿ ಯಾವ ಗೊಂದಲ? ನೇರವಾಗಿದೆ, ಎಷ್ಟು ಸಲ ಓದಿದರೂ ನೇರವಾಗಿಯೇ ಇದೆ. ತಪ್ಪು ಉತ್ತರದ್ದು, ಶಿಕ್ಷೆ ಪ್ರಶ್ನೆಗೆ. ‘ಸಿ ಸರಿ’ ಎಂಬ ಎರಡು ಪದ ಬರೆಯಲು ಅವರ ಗಂಟೇನು ಹೋಗುತ್ತಿತ್ತು? ನಾನು ಆಯ್ಕೆಯಾದದ್ದು ಸರಿ ಬರೆದಿದ್ದಕ್ಕಲ್ಲ, ಹನ್ನೆರಡು ವರ್ಷ ಮುಂಚೆ ಹುಟ್ಟಿದ್ದಕ್ಕೆ.

"ಬಂತಲ್ಲ ಕೆಲಸ, ಇನ್ಯಾಕೆ ಮುಖ ಊದಿಸ್ಕೊಂಡೀಯಾ?" ಅಂದ ಅಣ್ಣ. ಅವನಿಗೆ ಹೇಗೆ ಹೇಳುವುದು?

ಹಾಲಸ್ವಾಮಿಯವರಿಗೆ ಫೋನು ಮಾಡಿದೆ. ಆದೇಶ ಓದಿ ಹೇಳಿದೆ. ಈ ಸಲ ಅವರು ನಗಲಿಲ್ಲ.

ಸೆಪ್ಟೆಂಬರ್ 7, ಭಾನುವಾರ

ಜಗಳೂರಿನ ಹಾಸ್ಟೆಲಿಗೆ ಬಂದು ಒಂದು ವಾರ ಆಯಿತು. ನನ್ನನ್ನು ಹಾಕಿದ್ದು ಇಲ್ಲಿಗೇ. ಅಲ್ಲಿ ಚನ್ನಗಿರಿಯಲ್ಲಿ ಹುದ್ದೆ ಇನ್ನೂ ‘ಖಾಲಿ ಇದೆ’. ಬಂಕಿನ ಮುಂದೆ ಎರಡು ಸಲ ಹಾದುಹೋದೆ. ನಿಲ್ಲಲಿಲ್ಲ.

ಇವತ್ತು ಮಧ್ಯಾಹ್ನ ಅವಳೇ ಬಂದಳು. ಟೋಪಿ ಇರಲಿಲ್ಲ, ಗುರುತು ಸಿಗಲು ಒಂದು ಕ್ಷಣ ಬೇಕಾಯಿತು. ಕೂರು ಅಂದರೂ ಕೂರಲಿಲ್ಲ. ಕೈಚೀಲದಿಂದ ಒಂದು ಹೊಸ ಪುಸ್ತಕ ತೆಗೆದು ಮೇಜಿನ ಮೇಲೆ ತೆರೆದಿಟ್ಟಳು. ಗಾದ್ರಪ್ಪನವರ ಗೈಡು, ಹನ್ನೊಂದನೆಯ ಎಡಿಷನ್. ಅದೇ ಪ್ರಶ್ನೆ, ಉತ್ತರ ಬಿ. ಪಕ್ಕದಲ್ಲೀಗ ಒಂದು ನಕ್ಷತ್ರ: ‘ಹಿಂದಿನ ಪರೀಕ್ಷೆಯಲ್ಲಿ ಕೇಳಲಾಗಿದೆ.’

"ಕೈಬಿಟ್ಟಿದ್ದು ಹಾಕಿಲ್ಲ" ಅಂದಳು. "ಮುಂದಿನ ವರ್ಷ ನಾನು ಮತ್ತೆ ಬರೀತೀನಿ. ನನ್ನಂಗೆ ಇನ್ನೊಂದು ಸಾವಿರ ಜನ ಇದನ್ನ ಬಾಯಿಪಾಠ ಮಾಡ್ತಾರೆ. ಮಂಡಳಿಯೋರು ಸರಿ ಉತ್ತರ ಯಾವುದು ಅಂತ ಹೇಳೋತನಕ ಇವನು ತಿದ್ದಲ್ಲ. ನಾನು ಬರೆದೀನಿ ನೋಡ್ರಿ."

ಎರಡು ಪುಟದ ಪತ್ರ. ದುಂಡಗಿನ ಅಕ್ಷರ. ನನ್ನ ಅರ್ಜಿಯಂತೆ ‘ನನಗೆ, ನನ್ನ, ನಾನು’ ಎಂದು ಒಂದು ಕಡೆಯೂ ಇಲ್ಲ. ಸರಿ ಉತ್ತರ ಪ್ರಕಟಿಸಿ ಎಂಬುದಷ್ಟೇ ಬೇಡಿಕೆ. ಕೆಳಗೆ ಇಬ್ಬರ ಸಹಿಗೆ ಜಾಗ.

"ವಿಚಾರಣೆಯಾಗೆ ಊಹೆ ಮಾಡಿದ್ದು ಅಂತ ಹೇಳಿದ್ರಂತೆ?"

"ನಿನಗೆ ಯಾರು ಹೇಳಿದ್ರು?"

"ಅವತ್ತು ಮಧ್ಯಾಹ್ನ ನನ್ನನ್ನೂ ಕರೆದಿದ್ರು. ಮುಂಚೆ ಬಂದಾಕೆ ಊಹೆ ಅಂದ್ಲು, ನೀನೇನಂತಿ ಅಂದ್ರು."

"ನೀನೇನಂದೆ?"

"ಓದಿ ಬರೆದೆ ಅಂದೆ. ಓದಿದ್ದು ತಪ್ಪು, ಸಿ ಸರಿ ಅಂತಾನೂ ಅಂದೆ."

ಬಿ ಎಂದೇ ವಾದಿಸಿದ್ದರೆ ಅವಳ ಕೆಲಸ ಉಳಿಯುತ್ತಿತ್ತೋ ಏನೋ. ಒಂದೇ ದಿನ, ಅದೇ ಮೇಜಿನ ಮುಂದೆ, ಇಬ್ಬರೂ ಬಂದು ಸಿ ಅಂದು ಹೋಗಿದ್ದೇವೆ. ಜಗಳವಾಡಬೇಕಾದವರಿಬ್ಬರೂ ಒಪ್ಪಿದ ಮೇಲೆ ಆ ಮಹಾಶಯರಿಗೆ ಉಳಿದ ಗೊಂದಲ ಯಾವುದು?

ನನ್ನ ಮುಖ ಕೆಂಪಾದದ್ದು ಅವಳಿಗೆ ಕಂಡಿರಬೇಕು. ಮೊದಲ ಸಲ ಕೂತಳು. "ನೀವು ಅಲ್ಲಿ ಸುಳ್ಳು ಹೇಳಿದ್ರೆ ಚೆಂದಿತ್ತು. ನಿಮ್ಮ ಮ್ಯಾಲೆ ಸಿಟ್ಟು ಮಾಡ್ಕೊಂಡು ಸುಮ್ಮನಿರ್ತಿದ್ದೆ" ಅಂದಳು.

ಪೆನ್ನು ನನ್ನ ಕಡೆ ಚಾಚಿದಳು. "ಹಾಕ್ರಿ. ವಯಸ್ಸಿನಾಗೆ ಹಿರಿಯರು ಮೊದಲು ಅಂತ ನಿಯಮ ಐತಲ್ಲ."

ಪತ್ರವನ್ನು ಅವಳ ಕಡೆಗೇ ತಿರುಗಿಸಿ ಇಟ್ಟೆ. "ಓದಿದೋರು ಮೊದಲು" ಅಂದೆ.

ಅವಳು ಸಹಿ ಮಾಡಿದಳು. ಅದರ ಕೆಳಗೆ ನಾನು.